ಮಳೆಗಾಲಕ್ಕೆ ಮುಂಚೆ ಮದುವೆ

(ಪ್ರೌಢಶಾಲಾ ಶಿಕ್ಷಕರು ಮತ್ತು ಅಂಗನವಾಡಿ ಕಾರ್ಯಕರ್ತೆಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರದಲ್ಲಿ 'ಹವಾಮಾನ ವಿಕೋಪ ಮತ್ತು ಬಾಲ್ಯವಿವಾಹ' ಅಂತ ಅಚ್ಚಾಗಿದೆ. ಅದನ್ನು ನೋಡಿ ಒಬ್ಬ ಮೇಷ್ಟ್ರು ಬಾಗಿಲಲ್ಲೇ ನನ್ನನ್ನು ತಡೆದು ಕೇಳಿದರು, "ಅದಕ್ಕೂ ಇದಕ್ಕೂ ಏನು ಸಂಬಂಧ?" ನ್ಯಾಯವಾದ ಪ್ರಶ್ನೆ. ಸಂಬಂಧ ಇದೆ. ಆದರೆ ಭಾಷಣಗಳಲ್ಲಿ ಹೇಳುವಷ್ಟು ನೇರವಾಗಿಲ್ಲ. ಕೆಲವು ಕಡೆ ಉಲ್ಟಾ ಕೂಡ ಇದೆ. ಆ ಉಲ್ಟಾ ಭಾಗವನ್ನು ಬಿಟ್ಟು ಮಾತಾಡಿದರೆ ಪರಿಹಾರವೂ ತಪ್ಪಿಹೋಗುತ್ತದೆ. ಹಾಗಾಗಿ ಸ್ವಲ್ಪ ಸುತ್ತಾಡಿಕೊಂಡೇ ಹೋಗೋಣ.

ಮೊದಲು ಪಾಕಿಸ್ತಾನದ ಸಿಂಧ್ ಪ್ರಾಂತ್ಯ. ಅಲ್ಲಿ ಸಿಂಧೂ ನದಿಯ ಪಕ್ಕದಲ್ಲಿ ದಾದು ಅನ್ನುವ ಜಿಲ್ಲೆ ಇದೆ. 2022ರ ಮಳೆ ನಿಮಗೆ ನೆನಪಿರಬಹುದು. ಆ ದೇಶದಲ್ಲಿ 1,700ಕ್ಕೂ ಜಾಸ್ತಿ ಜನ ಸತ್ತರು. ಸುಮಾರು 3.3 ಕೋಟಿ ಜನರ ಬದುಕು ಏರುಪೇರಾಯಿತು. ದಾದು ಹತ್ತಿರದ ಮಂಚರ್ ಸರೋವರ ತುಂಬಿ ತುಳುಕಿದಾಗ, ದೊಡ್ಡ ಊರುಗಳನ್ನು ಉಳಿಸಲು ಅಧಿಕಾರಿಗಳೇ ಏರಿ ಒಡೆದರು. ನೀರು ಹಳ್ಳಿಗಳ ಕಡೆ ನುಗ್ಗಿತು. ನಮ್ಮ ಕೃಷ್ಣೆಯ ನೆರೆ ಒಂದೆರಡು ವಾರದಲ್ಲಿ ಇಳಿಯುತ್ತದೆ. ಅಲ್ಲಿ ನೀರು ತಿಂಗಳುಗಟ್ಟಲೆ ನಿಂತಿತು. ನಿಂತ ಬೆಳೆ ಕೊಳೆಯಿತು, ಮುಂದಿನ ಬಿತ್ತನೆಗೂ ಹೊಲ ಸಿಗಲಿಲ್ಲ.

ಎರಡು ವರ್ಷದ ನಂತರ, 2024ರಲ್ಲಿ, ಆ ಜಿಲ್ಲೆಯ ಖಾನ್ ಮೊಹಮ್ಮದ್ ಮಲ್ಲಾಹ್ ಅನ್ನುವ ಹಳ್ಳಿಯಿಂದ ಒಂದು ವರದಿ ಬಂತು. ಬಾಲ್ಯವಿವಾಹದ ವಿರುದ್ಧ ಕೆಲಸ ಮಾಡುವ ಅಲ್ಲಿನ ಸುಜಾಗ್ ಸಂಸಾರ್ ಸಂಸ್ಥೆ ಲೆಕ್ಕ ಇಟ್ಟಿತ್ತು. ಹಿಂದಿನ ಮಳೆಗಾಲದಿಂದೀಚೆಗೆ ಆ ಒಂದೇ ಹಳ್ಳಿಯಲ್ಲಿ 45 ಹುಡುಗಿಯರಿಗೆ ವಯಸ್ಸಿಗೆ ಮುಂಚೆ ಮದುವೆಯಾಗಿತ್ತು. ಅದರಲ್ಲಿ 15 ಮದುವೆಗಳು ಆ ವರ್ಷದ ಮೇ ಮತ್ತು ಜೂನ್‌ನಲ್ಲೇ ನಡೆದಿದ್ದವು.

ಮೇ-ಜೂನ್. ಇಲ್ಲಿ ಸ್ವಲ್ಪ ನಿಲ್ಲಿ. ಅಲ್ಲಿ ಮುಂಗಾರು ಶುರುವಾಗುವುದು ಅದರ ನಂತರ. ಅಂದರೆ ಈ ಮದುವೆಗಳು ನೆರೆ ಬಂದು ಎಲ್ಲ ಹೋದ ಮೇಲೆ ಕಂಗಾಲಾಗಿ ಮಾಡಿದವಲ್ಲ. ಮುಂದಿನ ಮಳೆ ಬರುವ ಮೊದಲೇ ಮಾಡಿ ಮುಗಿಸಿದವು. ಒಂದು ಸಲ ಮುಳುಗಿದವರು ಮುಂದಿನ ಸಲಕ್ಕೆ ತಯಾರಾಗುವ ರೀತಿ ಅದು. ಮನೆಯ ಸಾಮಾನು ಅಟ್ಟಕ್ಕೆ ಏರಿಸುತ್ತಾರೆ, ದನ ಮಾರುತ್ತಾರೆ, ಮಗಳನ್ನು ದಡ ಸೇರಿಸುತ್ತಾರೆ. ತಿನ್ನುವ ಬಾಯಿ ಒಂದು ಕಮ್ಮಿಯಾಗುತ್ತದೆ, ಕೈಗೆ ಒಂದಿಷ್ಟು ದುಡ್ಡೂ ಬರುತ್ತದೆ. ದುಡ್ಡು ಬರುವುದೇ? ಹೌದು. ಅಲ್ಲಿ ಗಂಡಿನ ಕಡೆಯವರು ಹೆಣ್ಣಿನ ಅಪ್ಪನಿಗೆ ಹಣ ಕೊಡುತ್ತಾರೆ. ಒಬ್ಬ ಹುಡುಗಿಗೆ ಎರಡು ಲಕ್ಷ ಪಾಕಿಸ್ತಾನಿ ರೂಪಾಯಿ ಕೊಟ್ಟದ್ದು ಅದೇ ವರದಿಯಲ್ಲಿದೆ.

ಇನ್ನೊಬ್ಬಳ ಕಥೆ ಇನ್ನೂ ವಿಚಿತ್ರ. 2022ರಲ್ಲಿ, ಹದಿನಾಲ್ಕನೇ ವಯಸ್ಸಿಗೆ ಅವಳ ಮದುವೆಯಾಯಿತು. ಆ ಹಣ, ಅಂದರೆ ತೆರ, ಕೊಡಲು ಗಂಡಿನ ಕಡೆಯವರು ಎರಡೂವರೆ ಲಕ್ಷ ಸಾಲ ಮಾಡಿದ್ದರು. ಹೊಲ ಮುಳುಗಿದ ಊರಲ್ಲಿ ಆ ಸಾಲ ತೀರುವುದು ಹೇಗೆ? ಕೊನೆಗೆ ಅವಳು ಗಂಡನನ್ನೂ ಮಗುವನ್ನೂ ಕಟ್ಟಿಕೊಂಡು ತವರಿಗೇ ವಾಪಸ್ ಬಂದಳು. ಒಂದು ಬಾಯಿ ಕಮ್ಮಿಯಾಗಲಿ ಅಂತ ಮಾಡಿದ ಮದುವೆಯಿಂದ ಆ ಮನೆಗೆ ಎರಡು ಬಾಯಿ ಜಾಸ್ತಿಯಾಯಿತು.

ಸಿಂಧ್‌ನಲ್ಲಿ ಕಾನೂನು ಇಲ್ಲ ಅಂದುಕೊಳ್ಳಬೇಡಿ. ಗಂಡಿಗೂ ಹೆಣ್ಣಿಗೂ 18 ಅಂತ ಅವರು 2014ರಲ್ಲೇ ಕಾಯ್ದೆ ಮಾಡಿದ್ದಾರೆ. ಕಾಯ್ದೆ ಬಂದ ಮೇಲೆ ನಿಧಾನಕ್ಕೆ ಒಳ್ಳೆಯ ಬದಲಾವಣೆಯೂ ಆಗುತ್ತಿತ್ತು. ಈ ನೆರೆಯಿಂದ ಬಾಲ್ಯವಿವಾಹ ಶೇ 18ರಷ್ಟು ಏರಬಹುದು, ಐದು ವರ್ಷದ ಕೆಲಸ ನೀರಿನಲ್ಲಿ ಹೋದ ಹಾಗೆ ಎಂದು ಯುನಿಸೆಫ್ ಎಚ್ಚರಿಸಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಸುಲಭದ ಪಾಠ ಸಿಗುತ್ತದೆ. ಪ್ರಕೃತಿ ಮುನಿದರೆ ಬಡತನ, ಬಡತನ ಬಂದರೆ ಬಾಲ್ಯವಿವಾಹ. ಇಥಿಯೋಪಿಯಾ ನೋಡಿದರೂ ಹಾಗೇ ಅನ್ನಿಸುತ್ತದೆ. 2022ರಲ್ಲಿ ಆಫ್ರಿಕಾದ ಆ ಮೂಲೆಯಲ್ಲಿ ಭೀಕರ ಬರ. ದನಕರು ಲಕ್ಷಗಟ್ಟಲೆ ಸತ್ತವು. ಬರ ಹೆಚ್ಚು ಬಡಿದ ಪ್ರಾಂತ್ಯಗಳಲ್ಲಿ ಆ ವರ್ಷದ ಮೊದಲ ನಾಲ್ಕು ತಿಂಗಳ ಬಾಲ್ಯವಿವಾಹದ ಸಂಖ್ಯೆ ಹಿಂದಿನ ವರ್ಷದ ದುಪ್ಪಟ್ಟಿಗಿಂತ ಜಾಸ್ತಿಯಾಯಿತು. ಅಲ್ಲೂ ಗಂಡಿನವರೇ ಹೆಣ್ಣಿಗೆ ತೆರ ಕೊಡುವುದು.

ಈಗ ನಮ್ಮ ದೇಶಕ್ಕೆ ಬನ್ನಿ. ಲೂಸಿಯಾ ಕೊರ್ನೊ, ನಿಕೋಲ್ ಹಿಲ್ಡೆಬ್ರಾಂಟ್, ಅಲೆಸ್ಸಾಂಡ್ರಾ ವೊಯೆನಾ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಹಾರಾದ ಕೆಳಗಿನ ಆಫ್ರಿಕಾ ದೇಶಗಳು ಮತ್ತು ಭಾರತ, ಎರಡೂ ಕಡೆಯ ಲಕ್ಷಾಂತರ ಹೆಂಗಸರ ಮದುವೆಯ ವಯಸ್ಸನ್ನೂ ಅವರವರ ಊರಿನ ಮಳೆಯ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬರ ಬಂದರೆ ಎರಡೂ ಕಡೆ ಬೆಳೆ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಹಾಳಾಗುತ್ತದೆ. ಆದರೆ ಆಫ್ರಿಕಾದಲ್ಲಿ ಬರದ ವರ್ಷ ಹುಡುಗಿಗೆ ಬಾಲ್ಯವಿವಾಹವಾಗುವ ಸಂಭವ ಶೇ 3ರಷ್ಟು ಏರುತ್ತದೆ. ಭಾರತದಲ್ಲಿ ಶೇ 4ರಷ್ಟು ಇಳಿಯುತ್ತದೆ.

ಇಳಿಯುತ್ತದೆ. ಸರಿಯಾಗಿಯೇ ಕೇಳಿಸಿಕೊಂಡಿರಿ.

ಕಾರಣ ನಿಮಗೇ ಗೊತ್ತಿದೆ. ನಮ್ಮಲ್ಲಿ ಮದುವೆ ಅಂದರೆ ಹೆಣ್ಣಿನ ಮನೆಯ ಗಂಟು ಕರಗುವ ಕೆಲಸ. ವರದಕ್ಷಿಣೆ, ಬಂಗಾರ, ಊಟ, ಶಾಮಿಯಾನ. ಬರದ ವರ್ಷ ಯಾವ ಅಪ್ಪ ಇದಕ್ಕೆ ಕೈ ಹಾಕುತ್ತಾನೆ? "ಈ ವರ್ಷ ಬೇಡ, ಮುಂದಿನ ಸುಗ್ಗಿಗೆ ನೋಡೋಣ" ಅನ್ನುತ್ತಾನೆ. ಹುಡುಗಿಗೆ ಒಂದು ವರ್ಷ ಉಳಿಯುತ್ತದೆ. ವರದಕ್ಷಿಣೆಯಂಥ ಕೆಟ್ಟ ಪದ್ಧತಿಯಿಂದ ಇಂಥದ್ದೊಂದು ಲಾಭ! ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಇದನ್ನು ವರದಕ್ಷಿಣೆಯ ಪರ ವಾದ ಅಂತ ಯಾರೂ ಬರೆದುಕೊಳ್ಳಬೇಡಿ. ಹುಡುಗಿ ಚಿಕ್ಕವಳಿದ್ದಷ್ಟೂ ವರದಕ್ಷಿಣೆ ಕಮ್ಮಿ ಅನ್ನುವ ಲೆಕ್ಕವೂ ಇದೇ ನೆಲದಲ್ಲಿದೆ. ಅದೇ ಲೆಕ್ಕ ಒಳ್ಳೆಯ ವರ್ಷಗಳಲ್ಲಿ ಹುಡುಗಿಯರನ್ನು ಬೇಗ ಮಂಟಪಕ್ಕೆ ನೂಕುತ್ತದೆ.

ನಾನು ಹೇಳಲು ಹೊರಟದ್ದು ಇಷ್ಟೇ. ಬರ, ನೆರೆ ತಾವಾಗಿ ಯಾರಿಗೂ ತಾಳಿ ಕಟ್ಟುವುದಿಲ್ಲ. ಮನೆಯ ಲೆಕ್ಕವನ್ನು ಅವು ಅಲುಗಿಸುತ್ತವೆ. ಆ ಲೆಕ್ಕ ಯಾವ ಕಡೆ ವಾಲುತ್ತದೆ ಅನ್ನುವುದು ಆ ಊರಿನಲ್ಲಿ ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಶಾಲೆ ತೆರೆದಿದೆಯೋ ಇಲ್ಲವೋ, ಕೂಲಿ ಹೇಗೆ ಸಿಗುತ್ತದೆ ಅನ್ನುವುದರ ಮೇಲಿದೆ.

ಲಾಕ್‌ಡೌನ್ ಕಾಲ ನೆನಪು ಮಾಡಿಕೊಳ್ಳಿ. ಅದು ಹವಾಮಾನದ ವಿಕೋಪ ಅಲ್ಲ, ಆದರೆ ಲೆಕ್ಕ ಅದೇ. ಕೂಲಿ ನಿಂತಿತ್ತು. ಬರದ ಲೆಕ್ಕದ ಪ್ರಕಾರ ಮದುವೆಗಳು ಮುಂದೆ ಹೋಗಬೇಕಿತ್ತು ಅಲ್ವಾ? ಆದರೆ ನಮ್ಮ ಹಳ್ಳಿಗಳಲ್ಲಿ ಏನು ನಡೆಯಿತು ಅನ್ನುವುದು ಇಲ್ಲಿರುವ ಅಂಗನವಾಡಿಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಐವತ್ತೇ ಜನ ಸೇರಬೇಕು ಅಂತ ಸರ್ಕಾರವೇ ಹೇಳಿತ್ತು. ಊರಿಗೆಲ್ಲ ಊಟ ಹಾಕುವ ಖರ್ಚು ಇಲ್ಲ, ಛತ್ರ ಬೇಡ. ಮನೆ ಮುಂದೆ ಚಪ್ಪರ ಹಾಕಿ ಬೆಳಗ್ಗೆ ಐದಕ್ಕೆ ಮುಗಿಸಿಬಿಟ್ಟರೆ ಆಯಿತು. ಅದೂ ಅಲ್ಲದೆ ಶಾಲೆ ಮುಚ್ಚಿತ್ತು. ಹುಡುಗಿ ಯಾಕೆ ಬಂದಿಲ್ಲ ಅಂತ ಕೇಳುವ ಮೇಷ್ಟ್ರು ಇರಲಿಲ್ಲ.

ಶಾಲೆಯ ಮಾತು ಬಂದದ್ದರಿಂದ ಇನ್ನೊಂದು ಹೇಳುತ್ತೇನೆ. ನೆರೆ ಬಂದಾಗ ನಾವು ಗಂಜಿ ಕೇಂದ್ರ ಎಲ್ಲಿ ಮಾಡುತ್ತೇವೆ? ಸರ್ಕಾರಿ ಶಾಲೆಯಲ್ಲಿ. ಬೇರೆ ಗಟ್ಟಿ ಕಟ್ಟಡ ಊರಲ್ಲಿ ಇರುವುದಿಲ್ಲ, ಸರಿ. ಆದರೆ ಅಷ್ಟು ದಿನ ಪಾಠ ನಿಲ್ಲುತ್ತದೆ. ಮೂರು ಕೋಣೆಯಲ್ಲಿ ನಲವತ್ತು ಸಂಸಾರ. ಶೌಚಾಲಯಕ್ಕೆ ಚಿಲಕ ಇರುವುದಿಲ್ಲ. ಹದಿನಾಲ್ಕು ಹದಿನೈದರ ಮಗಳನ್ನು ಪಕ್ಕದಲ್ಲಿಟ್ಟುಕೊಂಡು ರಾತ್ರಿಯೆಲ್ಲ ಎದ್ದು ಕೂತಿರುವ ತಾಯಿಗೆ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಅನ್ನಿಸದೆ ಇರುತ್ತದೆಯೇ? ಇದು ಹಣದ ಲೆಕ್ಕ ಅಲ್ಲ, ಭಯದ್ದು. ವರದಕ್ಷಿಣೆಗೆ ದುಡ್ಡಿಲ್ಲದಿದ್ದರೂ ಭಯ ಮದುವೆ ಮಾಡಿಸುತ್ತದೆ. ಪಾಕಿಸ್ತಾನದ ಆ ನೆರೆಯಲ್ಲಿ ಸುಮಾರು 27,000 ಶಾಲಾ ಕಟ್ಟಡಗಳು ಬಿದ್ದವು ಅಥವಾ ಜಖಂ ಆದವು. ಎರಡು ಲಕ್ಷದ ತೆರ ಒಂದು ಕಡೆ, ಬಿದ್ದ ಶಾಲೆ ಇನ್ನೊಂದು ಕಡೆ. ದಾದುವಿನಲ್ಲಿ ಇವೆರಡೂ ಸೇರಿಯೇ ಕೆಲಸ ಮಾಡಿದವು.

ಈಗ ಕೂಲಿಯ ವಿಷಯ. ಬೆಳಗಾವಿ, ಬಾಗಲಕೋಟೆ ಕಡೆಯವರು ಇಲ್ಲಿದ್ದರೆ ಈ ಜನರನ್ನು ನೋಡಿಯೇ ಇರುತ್ತೀರಿ. ದಸರಾ ದೀಪಾವಳಿ ಹೊತ್ತಿಗೆ ಮಹಾರಾಷ್ಟ್ರದ ಮರಾಠವಾಡದಿಂದ, ಅದರಲ್ಲೂ ಬೀಡ್ ಜಿಲ್ಲೆಯಿಂದ, ಕಬ್ಬು ಕಡಿಯುವ ಗ್ಯಾಂಗುಗಳು ಹೊರಡುತ್ತವೆ. ಪಶ್ಚಿಮ ಮಹಾರಾಷ್ಟ್ರಕ್ಕೆ ಹೋಗುತ್ತವೆ, ನಮ್ಮ ಉತ್ತರ ಕರ್ನಾಟಕದ ಸಕ್ಕರೆ ಕಾರ್ಖಾನೆಗಳಿಗೂ ಬರುತ್ತವೆ. ಐದಾರು ತಿಂಗಳು ಹೊಲದ ಬದಿಯ ಗುಡಿಸಲಲ್ಲಿ ವಾಸ. ಮಾರ್ಚ್, ಏಪ್ರಿಲ್‌ಗೆ ವಾಪಸ್.

ಅವರ ಊರು ಮಳೆ ನೆರಳಿನ ಸೀಮೆ. ಪಕ್ಕದ ಲಾತೂರಿಗೆ 2016ರಲ್ಲಿ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತಂದದ್ದು ನೆನಪಿದೆಯಾ? ಅದೇ ಸೀಮೆ. ಬರ ಜೋರಾದ ವರ್ಷ ಸ್ವಂತ ಹೊಲ ಇದ್ದವನೂ ಕೊಯ್ತಾ, ಅಂದರೆ ಕಬ್ಬು ಕಡಿಯುವ ಕತ್ತಿ, ಹಿಡಿಯುತ್ತಾನೆ.

ಈ ಕೆಲಸದ ಲೆಕ್ಕದಲ್ಲಿ ಒಬ್ಬ ಆಳು ಅಂತ ಇಲ್ಲ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಕೂಲಿಯವರನ್ನು ಒಟ್ಟು ಮಾಡುವ ಗುತ್ತಿಗೆದಾರ, ಅಂದರೆ ಮುಕಾದಮ, ಆ ಜೋಡಿಗೆ ಮುಂಗಡ ಕೊಡುತ್ತಾನೆ, ಐವತ್ತು ಸಾವಿರದಿಂದ ಲಕ್ಷದ ಮೇಲಿನವರೆಗೂ. ಆಮೇಲೆ ಟನ್ನಿಗಿಷ್ಟು ಅಂತ ಕಡಿದು ತೀರಿಸಬೇಕು. ಒಂದು ದಿನ ತಪ್ಪಿಸಿದರೆ ದಂಡ. ಗಂಡು ಕಡಿಯುತ್ತಾನೆ, ಹೆಣ್ಣು ಸೋಗೆ ಬಿಡಿಸಿ, ಕಟ್ಟು ಕಟ್ಟಿ, ತಲೆ ಮೇಲೆ ಹೊತ್ತು ಗಾಡಿಗೆ ಹಾಕುತ್ತಾಳೆ. ಮದುವೆಯಾಗದ ಹುಡುಗ ಬಂದರೆ ಅವನು ಅರ್ಧ ಕೊಯ್ತಾ, ಅವನಿಗೆ ಅರ್ಧ ಮುಂಗಡ. ಪೂರ್ತಿ ಮುಂಗಡ ಬೇಕಾದರೆ ಹೆಂಡತಿ ಬೇಕು.

ಹುಡುಗಿಯ ಮನೆಯ ಕಡೆಯಿಂದ ನೋಡಿ. ಅಪ್ಪ ಅಮ್ಮ ಇಬ್ಬರೂ ಆರು ತಿಂಗಳು ಹೊರಗೆ. ಬೆಳೆದ ಮಗಳನ್ನು ಊರಲ್ಲಿ ಮುದುಕಿಯ ಜೊತೆ ಬಿಡಲು ಧೈರ್ಯ ಇಲ್ಲ. ಬಾಗಿಲಿಲ್ಲದ ಗುಡಿಸಲಿಗೆ ಕರೆದುಕೊಂಡು ಹೋಗಲೂ ಧೈರ್ಯ ಇಲ್ಲ. ಆ ಕಡೆ ಹುಡುಗನ ಮನೆಯವರಿಗೆ ಸೀಸನ್ ಶುರುವಾಗುವ ಮುಂಚೆ ಇನ್ನೊಂದು ಜೋಡಿ ಕೈ ಬೇಕು. ಇಬ್ಬರ ಅವಸರವೂ ಒಂದೇ ತಿಂಗಳಿಗೆ ಬಂದು ನಿಲ್ಲುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 20ರಿಂದ 24 ವಯಸ್ಸಿನ ಹೆಂಗಸರನ್ನು ಕೇಳಿದಾಗ, 18 ತುಂಬುವ ಮೊದಲು ಮದುವೆಯಾದವರು ದೇಶದಲ್ಲಿ ಶೇ 23.3 ಇದ್ದರು. ಬೀಡ್‌ನಲ್ಲಿ ಶೇ 40ಕ್ಕಿಂತ ಮೇಲೆ.

ಹಾಗಾದರೆ ಬರದಲ್ಲಿ ಮದುವೆ ಕಮ್ಮಿಯಾಗುತ್ತದೆ ಅನ್ನುವ ಮಾತು ಸುಳ್ಳೇ? ಸುಳ್ಳಲ್ಲ. ಅದು ದೇಶದ ಸರಾಸರಿ. ಬೀಡ್‌ನಲ್ಲಿ ಮದುವೆಯಿಂದ ಖರ್ಚಿನ ಜೊತೆಗೆ ಮುಂಗಡವೂ ಹುಟ್ಟುತ್ತದೆ. ಅಲ್ಲಿಗೆ ಲೆಕ್ಕ ಮತ್ತೆ ತಿರುಗಿಕೊಂಡಿತು. ಮುಂಗಡ ಕೊಡುವ ಕ್ರಮ ಬದಲಾಗದೆ ಆ ಜಿಲ್ಲೆಯಲ್ಲಿ ಎಷ್ಟು ಜಾಗೃತಿ ಜಾಥಾ ಮಾಡಿದರೂ ಅಷ್ಟೇ ಅನ್ನುವುದು ನನ್ನ ಅಭಿಪ್ರಾಯ. ಕೊಯ್ತಾ ಲೆಕ್ಕ ಬಿಟ್ಟು ಆಳಿನ ಲೆಕ್ಕದಲ್ಲಿ, ಬೇರೆ ಬೇರೆ ಹೆಸರಿಗೆ, ವಯಸ್ಸಿನ ದಾಖಲೆ ನೋಡಿ ಮುಂಗಡ ಕೊಡಲಿ. ಅವರ ಮಕ್ಕಳಿಗೆ ಊರಲ್ಲೇ ಸೀಸನ್ ಹಾಸ್ಟೆಲ್ ಅಂತ ಮಹಾರಾಷ್ಟ್ರದಲ್ಲಿ ಒಂದು ವ್ಯವಸ್ಥೆ ಇದೆ. ಅದು ಗ್ಯಾಂಗ್ ಹೊರಡುವ ದಿನಕ್ಕೇ ಬಾಗಿಲು ತೆರೆಯಬೇಕು. ಹೊರಟು ಎರಡು ತಿಂಗಳಾದ ಮೇಲೆ ತೆರೆದರೆ ಅಷ್ಟರಲ್ಲಿ ಅಕ್ಷತೆ ಬಿದ್ದಿರುತ್ತದೆ.

ಕೆಲಸ ಮಾಡಿದ್ದು ಯಾವುದು ಅಂತ ಕೇಳುತ್ತೀರಿ. ನನಗೆ ತುಂಬಾ ಇಷ್ಟವಾದದ್ದು ಬಾಂಗ್ಲಾದೇಶದ ಎಣ್ಣೆಯ ಕಥೆ. ಆ ದೇಶದಲ್ಲಿ ಅರ್ಧದಷ್ಟು ಹುಡುಗಿಯರಿಗೆ 18ರ ಒಳಗೆ ಮದುವೆ. ದಕ್ಷಿಣದ ಬಾರಿಸಾಲ್ ಕಡೆಯಂತೂ ಚಂಡಮಾರುತದ ದಾರಿ. 2007ರ ನವೆಂಬರ್‌ನಲ್ಲಿ ಸಿಡ್ರ್ ಅಪ್ಪಳಿಸಿತು, 2009ರಲ್ಲಿ ಐಲಾ. ಇವೆರಡರ ನಡುವೆ, 2008ರಲ್ಲಿ, ಅಲ್ಲಿನ ಹಳ್ಳಿಗಳಲ್ಲಿ ಒಂದು ಪ್ರಯೋಗ ಶುರುವಾಯಿತು. 15ರಿಂದ 17ರ ಹುಡುಗಿಗೆ ಮದುವೆಯಾಗಿಲ್ಲದಿದ್ದರೆ, ನಾಲ್ಕು ತಿಂಗಳಿಗೊಮ್ಮೆ ನಾಲ್ಕು ಲೀಟರ್‌ನಷ್ಟು ಅಡುಗೆ ಎಣ್ಣೆ ಮನೆಗೆ. ಅಷ್ಟೇ. ವರ್ಷಕ್ಕೆ ಲೆಕ್ಕ ಹಾಕಿದರೆ ಅದರ ಬೆಲೆ ಹದಿನಾರು ಡಾಲರ್‌ನಷ್ಟು. ಇದಕ್ಕೆ ಮದುವೆ ನಿಲ್ಲುತ್ತದೆಯೇ ಅಂತ ಯಾರಿಗಾದರೂ ಅನ್ನಿಸುತ್ತದೆ. ಎರಡು ವರ್ಷವಾದರೂ ಎಣ್ಣೆ ಪಡೆಯಲು ಅವಕಾಶವಿದ್ದ ಹುಡುಗಿಯರಲ್ಲಿ ಬಾಲ್ಯವಿವಾಹ ಶೇ 19ರಷ್ಟು ಇಳಿಯಿತು. ಅದೇ ಪ್ರಯೋಗದಲ್ಲಿ ಬೇರೆ ಕೆಲವು ಹಳ್ಳಿಗಳಲ್ಲಿ ಹುಡುಗಿಯರಿಗೆ ಹಕ್ಕು, ಆರೋಗ್ಯ, ಆತ್ಮವಿಶ್ವಾಸದ ತರಬೇತಿ ಕೊಟ್ಟಿದ್ದರು. ಅದರಿಂದ ಓದಿಗೆ ಒಳ್ಳೆಯದಾಯಿತು. ಮದುವೆ ಮಾತ್ರ ಮುಂದೆ ಹೋಗಲಿಲ್ಲ.

ತರಬೇತಿ ಕೊಡುವ ನಮ್ಮಂಥವರಿಗೆ ಇದು ಸ್ವಲ್ಪ ಕಹಿ. ಮದುವೆ ಯಾವಾಗ ಅಂತ ತೀರ್ಮಾನ ಮಾಡುವುದು ಹುಡುಗಿಯಲ್ಲ, ಅದೇ ಅಲ್ಲಿನ ತೊಡಕು. ಎಣ್ಣೆ ಅಡುಗೆಮನೆಗೆ ಹೋಗುತ್ತದೆ. ತೀರ್ಮಾನ ಮಾಡುವವರ ಕೈಗೇ ಹೋಗುತ್ತದೆ. ಜೊತೆಗೆ "ಎಣ್ಣೆ ಬರ್ತಾ ಇದೆ, ಸ್ವಲ್ಪ ತಡೆಯೋಣ" ಅಂತ ಬೀಗರ ಮುಂದೆ ಹೇಳಲು ಒಂದು ನೆಪವೂ ಸಿಗುತ್ತದೆ.

ಇದನ್ನು ನಮ್ಮ ಯೋಜನೆಗಳ ಪಕ್ಕ ಇಡಿ. ಹರಿಯಾಣ 1994ರಲ್ಲೇ ಒಂದು ಯೋಜನೆ ತಂದಿತು. ಮದುವೆಯಾಗದೆ 18 ಮುಟ್ಟಿದರೆ ಬಾಂಡ್ ಹಣ. ಕರ್ನಾಟಕ 2006ರಲ್ಲಿ ಭಾಗ್ಯಲಕ್ಷ್ಮಿ ತಂದಿತು. ಅಲ್ಲೂ ಹಾಗೇ, 18ರವರೆಗೆ ಮದುವೆ ಮಾಡಬಾರದು, ಆಮೇಲೆ ಹಣ. ಉದ್ದೇಶ ಒಳ್ಳೆಯದು, ತಕರಾರಿಲ್ಲ. ಆದರೆ ನೆರೆ ಬಾಂಡಿನ ತಾರೀಕು ನೋಡಿಕೊಂಡು ಬರುವುದಿಲ್ಲ. ಹುಡುಗಿಗೆ ಹದಿನೈದು ಇದ್ದಾಗ ಮನೆ ಕೊಚ್ಚಿಹೋದರೆ, ಮೂರು ವರ್ಷದ ಆಚೆಗಿರುವ ಹಣ ಆ ತಿಂಗಳ ಅಕ್ಕಿ ತರುವುದಿಲ್ಲ. ಹರಿಯಾಣದಲ್ಲಿ ಇನ್ನೊಂದೂ ಕಂಡುಬಂತು. ಹಣ ಕೈಗೆ ಬಂದದ್ದೇ ಸರಿ, ಹಲವು ಮನೆಗಳಲ್ಲಿ ಅದು ಮದುವೆ ಖರ್ಚಿಗೇ ಹೋಯಿತು.

ನನ್ನ ಸಲಹೆ ಇಷ್ಟು. ಬಾಂಡ್ ಇರಲಿ. ನೆರೆ ಅಥವಾ ಬರ ಘೋಷಣೆಯಾದ ತಾಲ್ಲೂಕಿನಲ್ಲಿ, 13ರಿಂದ 17ರ ಹೆಣ್ಣುಮಕ್ಕಳಿರುವ ಮನೆಗೆ, ಮುಂದಿನ ಎರಡು ವರ್ಷ, ಮದುವೆ ಮಾಡಿಲ್ಲ ಅನ್ನುವ ಷರತ್ತಿನ ಮೇಲೆ ಸಣ್ಣದೊಂದು ನೆರವು ನಡುನಡುವೆ ಬರಲಿ. ಎಣ್ಣೆಯೋ ಬೇಳೆಯೋ ಹಣವೋ, ಅದು ದೊಡ್ಡ ವಿಷಯವಲ್ಲ. ಪರಿಹಾರದ ಪಟ್ಟಿಯಲ್ಲಿ ಬಿದ್ದ ಮನೆ, ಸತ್ತ ಎಮ್ಮೆ, ಹಾಳಾದ ಎಕರೆ ಎಲ್ಲಕ್ಕೂ ಒಂದೊಂದು ಕಾಲಂ ಇದೆ. ಮನೆಯಲ್ಲಿರುವ ಹುಡುಗಿಗೂ ಒಂದು ಕಾಲಂ ಹಾಕಲು ಏನು ಕಷ್ಟ?

ಇಲ್ಲಿಗೆ ನನ್ನ ಮಾತು ಮುಗಿಯಿತು. ಆಮೇಲೆ ಬಂದ ಪ್ರಶ್ನೆಗಳು ಇವು.

ಒಬ್ಬ ಮೇಡಂ ಕೇಳಿದರು: "ನಮ್ಮಲ್ಲಿ ಕಾನೂನು ಬಿಗಿ ಇದೆಯಲ್ಲ, ಬಾಲ್ಯವಿವಾಹ ಈಗ ಎಲ್ಲಿದೆ?"

ಕಾನೂನು ಬಿಗಿ ಇದೆ, ಬಾಲ್ಯವಿವಾಹವೂ ಇದೆ. ಆಗಲೇ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕಿ ಶೇ 21.3. ಐದರಲ್ಲಿ ಒಬ್ಬಳು. ಕಾನೂನಿನ ವಿಷಯದಲ್ಲಿ ನಾವು ಹೆಚ್ಚಿನ ರಾಜ್ಯಗಳಿಗಿಂತ ಮುಂದೆ ಇದ್ದೇವೆ, ಅದು ನಿಜ. ಕೇಂದ್ರದ 2006ರ ಕಾಯ್ದೆಯಲ್ಲಿ ಬಾಲ್ಯವಿವಾಹ ತಾನಾಗಿ ರದ್ದಾಗುವುದಿಲ್ಲ. ಹುಡುಗಿಯ ಕಡೆಯಿಂದ ಕೋರ್ಟಿಗೆ ಅರ್ಜಿ ಹೋಗಬೇಕು, ಅದೂ 18 ತುಂಬಿದ ಎರಡು ವರ್ಷದೊಳಗೆ. ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಇಂಥ ಮದುವೆ ಮೊದಲಿನಿಂದಲೇ ಅಸಿಂಧು. ಇದು ಒಳ್ಳೆಯ ದಾರಿ, ಉಳಿದ ರಾಜ್ಯಗಳೂ ಹಿಡಿಯಲಿ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮದುವೆ ಅಸಿಂಧು ಅಂದ ಮೇಲೆ ಆ ಹುಡುಗಿ ಮರುದಿನ ಎಲ್ಲಿಗೆ ಹೋಗಬೇಕು, ಯಾವ ಶಾಲೆಗೆ, ಯಾವ ಹಾಸ್ಟೆಲ್‌ಗೆ ಅನ್ನುವುದು ಮಾತ್ರ ಪ್ರತಿ ಸಲ ಹೊಸದಾಗಿ ಹುಡುಕಬೇಕಾಗುತ್ತದೆ.

ಇನ್ನೊಬ್ಬರು ಕೇಳಿದರು: "ನಾವು ಶಾಲೆಯವರು. ನೆರೆ ಬಂದಾಗ ನಮ್ಮ ಕೈಲಿ ಏನಾಗುತ್ತೆ?"

ನಿಮ್ಮ ಕೈಯಲ್ಲಿ ಹಾಜರಿ ಪುಸ್ತಕ ಇದೆಯಲ್ಲ. ನೆರೆ ಇಳಿದು ಶಾಲೆ ತೆರೆದ ಮೊದಲ ವಾರ ಎಂಟು, ಒಂಬತ್ತು, ಹತ್ತನೇ ತರಗತಿಯಲ್ಲಿ ಯಾವ ಹುಡುಗಿ ಬಂದಿಲ್ಲ ಅಂತ ಹೆಸರು ಹಿಡಿದು ನೋಡಿ. "ಅಜ್ಜಿ ಮನೆಗೆ ಹೋಗಿದ್ದಾಳೆ" ಅಂದರೆ ಯಾವ ಊರು, ಯಾವತ್ತು ಬರುತ್ತಾಳೆ ಅಂತ ಕೇಳಿ. ಆ ಊರಿನ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿಸಿ. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ, ಹೆಸರು ಕೊಡಬೇಕಾಗಿಲ್ಲ. ಗಂಜಿ ಕೇಂದ್ರ ನಿಮ್ಮ ಶಾಲೆಯಲ್ಲೇ ಆದರೆ, ಒಂದು ಕೋಣೆಯನ್ನು ಹೆಣ್ಣುಮಕ್ಕಳಿಗೆ ಅಂತ ಬಿಡಿಸಿಕೊಂಡು, ಶೌಚಾಲಯಕ್ಕೆ ಅವತ್ತೇ ಚಿಲಕ ಹಾಕಿಸಿ. ಅದಕ್ಕೆ ಯಾರ ಆದೇಶಕ್ಕೂ ಕಾಯಬೇಕಾಗಿಲ್ಲ. ಮತ್ತೆ, ದಾದುವಿನ ಲೆಕ್ಕ ಮರೆಯಬೇಡಿ. ಒಂದು ಸಲ ಮುಳುಗಿದ ಊರಿನಲ್ಲಿ ಮುಂದಿನ ವರ್ಷ ಏಪ್ರಿಲ್, ಮೇ ಬಂತು ಅಂದರೆ, ಶಾಲೆಗೆ ರಜೆ ಕೊಡುವ ಮೊದಲೇ ಆ ಮನೆಗಳಿಗೆ ಒಂದು ಸುತ್ತು ಹೋಗಿ ಬನ್ನಿ.